ಹಮೀದಾಬೇಗಂ ಕಾಯುವ ಸವಾ ಲಕ್ಷ

ಬೆಳಗಿನ ಐದೂವರೆ. ಆಳಂದದ ದರ್ಗಾದ ಹಿಂದಿನ ಓಣಿಯಲ್ಲಿ ಇನ್ನೂ ಯಾರ ಮನೆಯ ಒಲೆಯೂ ಹೊತ್ತಿಲ್ಲ. ಹಮೀದಾಬೇಗಂ ಬಾಗಿಲ ಒಳಗೆ ಗೋಣಿತಟ್ಟಿನ ಮೇಲೆ ಕೂತಿದ್ದಾರೆ. ಮುಂದೆ ಹುಣಸೆ ಬೀಜದ ರಾಶಿ, ಮಗ್ಗುಲಲ್ಲಿ ಕಂದೀಲು. ಬಲಗೈ ಬೆರಳುಗಳು ಒಂದು ಎಳೆತಕ್ಕೆ ಐದು ಬೀಜ ಎಳೆದುಕೊಳ್ಳುತ್ತವೆ. ನಾಲ್ಕಲ್ಲ, ಆರಲ್ಲ. ಹತ್ತು ಎಳೆತಕ್ಕೆ ಐವತ್ತು ಬೀಜದ ಒಂದು ಗುಂಪಿ. ಅದನ್ನು ಅಂಗೈಯಿಂದ ಬಳಿದು ಚೀಲಕ್ಕೆ ಹಾಕಿದ ಕೂಡಲೇ ಎಡಸೊಂಟದ ಸಂಚಿಯಿಂದ ಒಂದು ಗಜ್ಜುಗ ತೆಗೆದು ಬಲಸೊಂಟದ ಸಂಚಿಗೆ ಇಳಿಸುತ್ತಾರೆ. ಶುರುವಿಗೆ ಎಡಸಂಚಿಯಲ್ಲಿ ಐವತ್ತು ಗಜ್ಜುಗ ಇರುತ್ತವೆ. ಅದು ಬರಿದಾದರೆ ಚೀಲ ತುಂಬಿತು ಎಂದು ಲೆಕ್ಕ.

ಹೊರಗೆ ಕೈಗಾಡಿ ಹಿಡಿದುಕೊಂಡು ಹಮಾಲಿ ಅಂಬಾರಾಯ ನಿಂತಿದ್ದಾರೆ. ನಲವತ್ತೊಂಬತ್ತು ಚೀಲ ಆಗಲೇ ಎರಡು ಗೋಣಿಗಳಲ್ಲಿ ತುಂಬಿ ಗಾಡಿಯ ಮೇಲಿವೆ. ಕೈಯಲ್ಲಿರುವುದು ಐವತ್ತನೆಯದು. ಆರಕ್ಕೆ ಅಫಜಲಪುರದ ಬಸ್ಸು.

“ಅಕ್ಕಾ, ಬಸ್ಸಿನಂವ ಹಾರನ್ ಹೊಡ್ಯಾಕತ್ತಾನ.”

“ಹೊಡೀಲಿ.”

“ನಿಮ್ಮ ಬೀಜಕ್ಕಂತ ಅಂವ ನಿಲ್ಲಂಗಿಲ್ರಿ. ಬಸ್ ಏನು ನಮ್ಮ ಲಾಡ್ಲೆಸಾಬನ ಎತ್ತಿನ ಗಾಡಿ ಅಂತ ತಿಳಿದೀರೇನು?”

“ಬಾಯಿ ಮುಚ್ಚೋ ಅಂಬಾರಾಯ. ಲೆಕ್ಕ ತಪ್ಪತದ.”

ಅಂಬಾರಾಯ ಬಾಯಿ ಮುಚ್ಚುವ ಮನುಷ್ಯನಲ್ಲ. ತೀರಿಹೋದ ಲಾಡ್ಲೆಸಾಬ ಹಮೀದಾಬೇಗಂ ಅವರ ಗಂಡ, ಅಂಬಾರಾಯರ ಜೋಡಿ ಅಡತಿ ಅಂಗಡಿಗೆ ತೊಗರಿ ಹೇರುತ್ತಿದ್ದವರು. ಆ ಸಲಿಗೆಯಲ್ಲಿ ಅವರು ಇನ್ನೂ ಎರಡು ಸಲ ಕೂಗುತ್ತಾರೆ. ಮೂರನೆಯ ಸಲ ಒಳಗೇ ಬಂದು ಚೀಲದ ಬಾಯಿ ಹಿಡಿದು ನಿಲ್ಲುತ್ತಾರೆ. ಹಮೀದಾಬೇಗಂ ಬಳಿಯುತ್ತಾರೆ, ಹಾಕುತ್ತಾರೆ, ಬಳಿಯುತ್ತಾರೆ, ಹಾಕುತ್ತಾರೆ. ‘ಆತು’ ಎನ್ನುವಷ್ಟರಲ್ಲಿ ಅಂಬಾರಾಯ ದಾರ ಸುತ್ತಿ ಚೀಲವನ್ನು ಗೋಣಿಯೊಳಗೆ ತುರುಕಿ ಗಾಡಿ ಎಳೆದೇ ಬಿಡುತ್ತಾರೆ. ಕಂದೀಲು ಆರಿಸಿ, ಬೀಗ ಹಾಕಿ, ಹಮೀದಾಬೇಗಂ ಮತ್ತು ಜೊತೆಗೆಂದು ಬಂದಿರುವ ಅದೇ ಓಣಿಯ ನಾನು, ಇಬ್ಬರೂ ಗಾಡಿಯ ಹಿಂದೆ ಓಡುತ್ತೇವೆ.

ಬಸ್ಸಿನ ಮೇಲೆ ಗೋಣಿ ಏರುವಾಗ ಕಂಡಕ್ಟರ್ ಮುಟ್ಟಿ ನೋಡುತ್ತಾನೆ. “ಏನ್ರಿ ಇದು, ಬಿತ್ತೋ ಬೀಜಾನಾ?”

“ಅಲ್ಲಪಾ. ಓದೋ ಬೀಜ.”

ಕಂಡಕ್ಟರ್ ನಗುತ್ತಾನೆ. ಹಮೀದಾಬೇಗಂ ನಗುವುದಿಲ್ಲ. ಅವರು ಹೇಳಿದ್ದು ಇದ್ದದ್ದನ್ನೇ.

ಈ ಸೀಮೆಯಲ್ಲಿ ಮನೆಗೆ ದೊಡ್ಡ ಸಂಕಟ ಬಂದರೆ ಸವಾ ಲಕ್ಷ ಹೇಳಿಕೊಳ್ಳುತ್ತಾರೆ. ಮುಸಲ್ಮಾನರ ಮನೆಗಳಲ್ಲಿ ಆಯತೆ ಕರೀಮಾ, ಕಷ್ಟ ಕಳೆಯಲೆಂದು ಓದುವ ಕುರಾನಿನ ಒಂದು ಚಿಕ್ಕ ಸಾಲು. ಅದನ್ನು ಒಂದೇ ಕೂಟದಲ್ಲಿ ಒಂದು ಲಕ್ಷ ಇಪ್ಪತ್ತೈದು ಸಾವಿರ ಸಲ ಓದಿ ಮುಗಿಸಬೇಕು. ಒಂದು ಸಲಕ್ಕೆ ಒಂದು ಬೀಜ. ಲಿಂಗಾಯತರ ಕೆಲವು ಮನೆಗಳಲ್ಲಿ ಶ್ರಾವಣದಲ್ಲಿ ಷಡಕ್ಷರಿ ಜಪವೂ ಸವಾ ಲಕ್ಷವೇ. ಅದಕ್ಕೂ ಹೋಗುವುದು ಇವೇ ಬೀಜಗಳು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಸೇರಿ ವರ್ಷಕ್ಕೆ ಹತ್ತು ಹನ್ನೆರಡು ಮನೆ. ಓದಿದವರ ಹೆಸರು ಜನರ ನೆನಪಿನಲ್ಲಿ ಉಳಿಯುತ್ತದೆ, ಮನೆಯ ಹೆಸರೂ ಉಳಿಯುತ್ತದೆ. ಬೀಜ ಯಾರು ಎಣಿಸಿದರು ಎಂದು ಯಾರೂ ಕೇಳುವುದಿಲ್ಲ.

ಈ ಸಲದ ಕರೆ ಅಫಜಲಪುರದ್ದು. ಪೀರಸಾಬ ಎಂಬವರು ಕುವೈತಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದರು. ಆಗಸ್ಟ್ ಎರಡರಂದು ಅಲ್ಲಿಗೆ ಇರಾಕಿನ ಸೈನ್ಯ ನುಗ್ಗಿದ ಮೇಲೆ ಅವರಿಂದ ಕಾಗದವಿಲ್ಲ, ಸುದ್ದಿಯಿಲ್ಲ. ಕೊನೆಯ ಕಾಗದದ ಮೇಲಿನ ತಾರೀಖು ಜುಲೈ ಇಪ್ಪತ್ತು. ಸಿಕ್ಕಿಬಿದ್ದವರನ್ನು ವಿಮಾನದಲ್ಲಿ ಬೊಂಬಾಯಿಗೆ ತರುತ್ತಿದ್ದಾರೆ. ಅಲ್ಲಿರುವ ಸಂಬಂಧಿಕರೊಬ್ಬರು ಆ ವಾರ ಇಳಿದವರ ಹೆಸರು ನೋಡಿ, ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ಅಫಜಲಪುರದ ಅಂಚೆ ಕಚೇರಿಗೆ ಫೋನ್ ಮಾಡುತ್ತೇನೆ ಎಂದಿದ್ದಾರೆ. ನಾಲ್ಕಕ್ಕೆ ಮೊದಲು ಸವಾ ಲಕ್ಷ ಪೂರಾ ಆಗಬೇಕು. ಮನೆಯವರು ಹೇಳಿ ಕಳಿಸಿದ್ದು ಇಷ್ಟೇ.

ಬಸ್ಸು ಊರು ದಾಟಿದ ಮೇಲೆ ಹಮೀದಾಬೇಗಂ ಸೊಂಟದ ಸಂಚಿಗಳನ್ನು ಸರಿಮಾಡಿಕೊಳ್ಳಲು ಕೈ ಹಾಕುತ್ತಾರೆ. ಕೈ ಎಡಸೊಂಟದ ಮೇಲೆ ನಿಂತುಬಿಡುತ್ತದೆ. ಸ್ವಲ್ಪ ಹೊತ್ತಿಗೆ ಹೊರಗೆ ಬಂದಾಗ ಬೆರಳುಗಳ ನಡುವೆ ಒಂದು ಗಜ್ಜುಗ.

ಅವರು ಅದನ್ನು ನೋಡುತ್ತಾರೆ. ನಾನೂ ನೋಡುತ್ತೇನೆ. ಇಬ್ಬರಿಗೂ ಅರ್ಥವಾಗಿದೆ. ಎಡಸಂಚಿ ಬರಿದಾಗಿಲ್ಲ.

“ಗಜ್ಜುಗ ಹಾಕೋದು ಮರ್ತೀನೋ,” ಎನ್ನುತ್ತಾರೆ ಮೆಲ್ಲಗೆ, “ಗುಂಪಿ ಹಾಕೋದು ಮರ್ತೀನೋ.”

“ಮೊದಲನೇದು ಇರಬಹುದಲ್ಲ ಖಾಲಾ?”

“ಇರಬಹುದು. ಇರಬಹುದು ಅಂತ ಹೇಳಿ ಓದಸಾಕ ಬರ್ತದೇನ ಬೇ?”

ಗುಂಪಿ ಬಿಟ್ಟಿದ್ದರೆ ಒಂದು ಚೀಲದಲ್ಲಿ ಐವತ್ತು ಬೀಜ ಕಡಿಮೆ. ಯಾವ ಚೀಲದಲ್ಲಿ? ಐವತ್ತೂ ಒಂದೇ ಹಳೆಯ ಸೀರೆಯಲ್ಲಿ ಹೊಲಿದವು, ಒಂದೇ ಗಾತ್ರ. ಕೊನೆಯದನ್ನು ಅಂಬಾರಾಯ ಯಾವ ಗೋಣಿಯ ಯಾವ ಸಂದಿಗೆ ತುರುಕಿದರೋ ಇಬ್ಬರೂ ನೋಡಲಿಲ್ಲ. ಒಂದು ಚೀಲ ಎಣಿಸಲು ಇಪ್ಪತ್ತು ನಿಮಿಷ ಬೇಕು. ಐವತ್ತು ಎಣಿಸಲು ಹದಿನಾರು ತಾಸಿಗೂ ಮಿಕ್ಕಿ.

ಹಮೀದಾಬೇಗಂ ಅವರಿಗೆ ಈಗ ನಲವತ್ತೆಂಟು. ಅಕ್ಷರ ಬರುವುದಿಲ್ಲ. ಬೇಸಿಗೆಯಲ್ಲಿ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುವ ಕೆಲಸ, ದಿನಕ್ಕೆ ಹದಿನೈದು ಕಿಲೋ. ಮಿಕ್ಕ ದಿನ ಅಡತಿ ಅಂಗಡಿಯಲ್ಲಿ ಕಾಳು ಹಸನು ಮಾಡುವುದು; ಈಗ ಹೆಸರುಕಾಳಿನ ಸುಗ್ಗಿ. ಸವಾ ಲಕ್ಷದ ಕೆಲಸ ಇವೆರಡರ ಸಂದಿಯಲ್ಲಿ, ಬೆಳಗಿನ ನಮಾಜಿಗೂ ಅಂಗಡಿ ತೆರೆಯುವುದಕ್ಕೂ ನಡುವೆ ನಡೆಯುತ್ತದೆ. ದಿನಕ್ಕೆ ಎರಡು ಚೀಲ, ಐದು ಸಾವಿರ ಬೀಜ. ಕೊಟ್ಟ ಬೀಜ ಮರಳಿ ಬಂದಾಗಲೆಲ್ಲ ಇಪ್ಪತ್ತೈದು ಬೆಳಗು ಎಣಿಸುತ್ತಾರೆ. ಈ ಶ್ರಾವಣದಲ್ಲಿ ಬೀಜ ಹೋಗಿದ್ದು ಜೇವರ್ಗಿ ತಾಲ್ಲೂಕಿನ ಅಂದೋಲಾಕ್ಕೆ, ಗುರುಶಾಂತಮ್ಮ ಅವರ ಮನೆಯ ಜಪಕ್ಕೆ. ಮರಳಿ ಬಂದಾಗ ಹನ್ನೊಂದು ಚೀಲಗಳಲ್ಲಿ ಮೂವತ್ತೇಳು ಬೀಜ ಹೆಚ್ಚಿಗಿದ್ದವು.

“ಎಲ್ಲಾ ಮನ್ಯಾಗೂ ಇದೇ ಹಣೇಬಾರ,” ಎಂದು ಅವರು ಅಂದು ನಕ್ಕಿದ್ದರು. “ಕೈಯಿಂದ ಒಂದು ಬೀಜ ಜಾರಿದ್ರ ಅಡಗಿಮನಿಗಿ ಹೋಗಿ ಎರಡು ತಂದು ಹಾಕ್ತಾರ. ಯಾರ್ದೂ ಋಣ ಇಟ್ಕೋಬಾರದಂತ. ಅವರ ಒಳ್ಳೇತನಕ್ಕ ನನ್ನ ಲೆಕ್ಕ ಹಾಳಾಗ್ತದ.”

ಹೆಚ್ಚಾದರೆ ಏನು ನಷ್ಟ ಎಂದು ಕೇಳಿದ್ದಕ್ಕೆ ನಗು ನಿಂತಿತ್ತು. “ಹೆಚ್ಚಾದ್ರ ಅದು ಸವಾ ಲಾಖ್ ಅಲ್ಲ. ಬ್ಯಾರೆ ಏನೋ ಒಂದು.”

ಆ ಸಂಖ್ಯೆಯ ಬಗ್ಗೆ ಅವರಷ್ಟು ತಿಳಿದವರನ್ನು ನಾನು ಕಂಡಿಲ್ಲ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಅವರು ಬಾಯಲ್ಲಿ ಹೇಳಿದ್ದನ್ನು ಮನೆಗೆ ಬಂದು ಪೆನ್ಸಿಲ್ ಹಿಡಿದು ಭಾಗಿಸಿ ನೋಡಿದ್ದೇನೆ, ಒಂದೂ ತಪ್ಪಿಲ್ಲ. ಐವತ್ತು ಬೀಜಕ್ಕೆ ಒಂದು ಗುಂಪಿ, ಐವತ್ತು ಗುಂಪಿಗೆ ಒಂದು ಚೀಲ, ಐವತ್ತು ಚೀಲಕ್ಕೆ ಸವಾ ಲಕ್ಷ. ಐವತ್ತನ್ನು ಐವತ್ತರಿಂದ, ಮತ್ತೆ ಐವತ್ತರಿಂದ ಗುಣಿಸಿದರೆ ಒಂದೂ ಹೆಚ್ಚಿಲ್ಲದೆ, ಒಂದೂ ಕಡಿಮೆಯಿಲ್ಲದೆ ಬರುತ್ತದೆ. ಬರೀ ಲಕ್ಷಕ್ಕೆ ಹೀಗಾಗುವುದಿಲ್ಲ. ಒಂದು ಮಳೆಗಾಲ ಪೂರ್ತಿ ಅವರು ಅದನ್ನೂ ಮಾಡಿ ನೋಡಿದ್ದಾರೆ. “ನಲವತ್ತಾರರ ಗುಂಪಿ ಕಟ್ಟಿದ್ರ ಕಮ್ಮಿ ಬೀಳ್ತದ, ನಲವತ್ತೇಳರದು ಕಟ್ಟಿದ್ರ ಮ್ಯಾಲಾಗ್ತದ. ಲಾಖಿಗಿ ಆ ಗುಣ ಇಲ್ಲ.”

ಎಷ್ಟು ಜನ ಓದಲು ಕೂತರೆ ಪಾಲು ಸರಿಯಾಗಿ ಬೀಳುತ್ತದೆ ಎಂಬುದು ಅವರ ಬೆರಳುಗಳಲ್ಲಿದೆ. ಹೆಬ್ಬೆರಳಿಗೆ ಎರಡು ಗಣಿಕೆ, ಮಿಕ್ಕ ಬೆರಳಿಗೆ ಮೂರು ಮೂರು, ಒಂದು ಕೈಗೆ ಹದಿನಾಲ್ಕು. ಎಡಗೈ ಗಣಿಕೆಗಳ ಮೇಲೆ ಓದುವವರ ಸಂಖ್ಯೆ: ಒಂದು, ಎರಡು, ನಾಲ್ಕು, ಐದು, ಎಂಟು, ಹತ್ತು, ಇಪ್ಪತ್ತು, ಇಪ್ಪತ್ತೈದು, ಹೀಗೆ ಏರುತ್ತ ಇನ್ನೂರ ಐವತ್ತರವರೆಗೆ. ಬಲಗೈ ಗಣಿಕೆಗಳ ಮೇಲೆ ಒಬ್ಬೊಬ್ಬರ ಪಾಲಿಗೆ ಬರುವ ಓದು. ಎರಡೂ ಕೈ ಜೋಡಿಸಿದರೆ ಗಣಿಕೆಗೆ ಗಣಿಕೆ ತಾಗುತ್ತದೆ. ಎಂಟಕ್ಕೆ ಹದಿನೈದು ಸಾವಿರದ ಆರುನೂರ ಇಪ್ಪತ್ತೈದು, ನಲವತ್ತಕ್ಕೆ ಮೂರು ಸಾವಿರದ ನೂರ ಇಪ್ಪತ್ತೈದು. ಇಪ್ಪತ್ತೆಂಟು ಗಣಿಕೆ, ಇಪ್ಪತ್ತೆಂಟು ಸಂಖ್ಯೆ. ಇವನ್ನು ಬಿಟ್ಟು ಬೇರೆ ಯಾವುದರಿಂದಲೂ ಸವಾ ಲಕ್ಷ ಸರಿಯಾಗಿ ಭಾಗವಾಗುವುದಿಲ್ಲ.

“ಎರಡಕ್ಕ ಬಗ್ಗತದ, ಐದಕ್ಕ ಬಗ್ಗತದ, ಅವೆರಡರ ಮಕ್ಕಳು ಮರಿಗೆ ಬಗ್ಗತದ. ಮೂರಕ್ಕ ಏನ್ ಮಾಡಿದ್ರೂ ಬಗ್ಗಂಗಿಲ್ಲ, ಎರಡು ಉಳಸತದ. ಏಳಕ್ಕ ಒಂದು. ಒಂಬತ್ತು ಮಂದಿ ಕುಂತ್ರಂತೂ ಎಂಟು ಉಳಿದು ಜಗಳ ಹಚ್ಚತದ.”

ಈ ಬೀಜ ಅವರಿಗೆ ಬಂದಿದ್ದು ಅತ್ತೆಯಿಂದ. ಮದುವೆಯಾದ ಮರುವರ್ಷ, ೧೯೬೧ರಲ್ಲಿ, ಸೊಸೆ ಹಟ ಹಿಡಿದು ಎಣಿಸಿದಾಗ ಸವಾ ಲಕ್ಷಕ್ಕೆ ಆರು ಸಾವಿರದ ಮುನ್ನೂರ ನಲವತ್ತು ಕಡಿಮೆ ಬಿದ್ದವು. ಅತ್ತೆ ಒಂದು ಸೇರು ಬೀಜ ಎಣಿಸಿ, ಮಿಕ್ಕದ್ದನ್ನು ಸೇರಿನಿಂದಲೇ ಅಳೆದಿದ್ದರು. ಎಣಿಸಿದ ಸೇರಿನಲ್ಲಿದ್ದದ್ದು ಸಣ್ಣ ಬೀಜ, ಅಳೆದದ್ದು ದಪ್ಪ ಬೀಜ. ಅಲ್ಲಿಯವರೆಗೆ ಓದಿಸಿದ ಮನೆಗಳೆಷ್ಟೋ, ಎಲ್ಲರ ಓದೂ ಅಪೂರ್ಣ. ಸೊಸೆ ಹೇಳಿದಳು. ಅತ್ತೆ ಎರಡು ತಿಂಗಳು ಸೊಸೆಯ ಜೋಡಿ ಮಾತಾಡಲಿಲ್ಲ. ಮೂರನೆಯ ತಿಂಗಳು ಒಂದು ಬೆಳಗ್ಗೆ ತಾವೇ ಬಂದು ಎದುರಿಗೆ ಕೂತು, “ಸರಿ, ನನಗೂ ಅರ್ಧ ಕೊಡು” ಎಂದು ಎಣಿಸತೊಡಗಿದರು.

ಬಸ್ಸು ಎಂಟೂಕಾಲಿಗೆ ಅಫಜಲಪುರ ಮುಟ್ಟುತ್ತದೆ. ಪೀರಸಾಬರ ತಮ್ಮ ಹುಸೇನಪೀರ ಗಾಡಿಯೊಂದಿಗೆ ಬಂದಿದ್ದಾನೆ. ದಾರಿಯುದ್ದಕ್ಕೂ ಹಮೀದಾಬೇಗಂ ಒಂದೇ ಮಾತು ಕೇಳುತ್ತಾರೆ: “ಎಷ್ಟು ಮಂದಿ ಕುಂತಾರ?”

“ಇಪ್ಪತ್ತೈದು ಹೇಳಿದ್ರಲ್ರಿ. ಇಪ್ಪತ್ತೈದೇ ಕರದೀವಿ.”

ಇಪ್ಪತ್ತೈದಾದರೆ ಒಬ್ಬರಿಗೆ ಎರಡು ಚೀಲ. ಯಾರ ಮುಂದೆ ಯಾವ ಚೀಲ ಎಂದು ಕಣ್ಣಿಗೆ ಕಾಣುತ್ತದೆ. ಓದಿ ಮುಗಿದವರ ಬೀಜವನ್ನು ಒಬ್ಬೊಬ್ಬರ ಮುಂದೆಯೇ ಎಣಿಸಿದರೆ ಕಡಿಮೆ ಬಿದ್ದ ಚೀಲ ಸಿಕ್ಕೇ ಸಿಗುತ್ತದೆ. ಬಸ್ಸಿನಲ್ಲಿ ಅವರು ಯೋಚಿಸಿಟ್ಟಿದ್ದು ಇದನ್ನೇ.

ಪಡಸಾಲೆಯಲ್ಲಿ ಬಿಳಿ ಚಾದರ ಹಾಸಿದೆ. ಗೋಡೆಗುಂಟ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಾರೆ. ಹಮೀದಾಬೇಗಂ ಬಾಗಿಲಲ್ಲೇ ನಿಂತು ಎಣಿಸುತ್ತಾರೆ. ಮತ್ತೊಮ್ಮೆ ಎಣಿಸುತ್ತಾರೆ.

“ಇಪ್ಪತ್ತಾರು ಅದಾರ.”

“ಹೌದು, ಪಕ್ಕದ ಮನಿ ಸೊಸಿನೂ ಬಂದಾಳ,” ಎನ್ನುತ್ತಾರೆ ಗೌಸಿಯಾಬೇಗಂ. ಪೀರಸಾಬರ ತಾಯಿ, ಅರವತ್ತು ದಾಟಿದವರು, ಧ್ವನಿ ಮಾತ್ರ ಇಪ್ಪತ್ತರದು. “ಒಬ್ಬಾಕಿ ಹೆಚ್ಚು ಬಂದ್ರ ಪುಣ್ಯಾನೂ ಹೆಚ್ಚು.”

“ಇಪ್ಪತ್ತಾರಕ್ಕ ಬಗ್ಗಂಗಿಲ್ರಿ ಆಪಾ. ಹದಿನೆಂಟು ಉಳೀತಾವ. ಒಬ್ಬರು ಎದ್ದು ಕುಂತ್ರ—”

“ಯಾರ್ನ ಎಬ್ಬಸ್ಲಿ? ನನ್ನ ಮಗನ ಹೆಸರಿಗಿ ಓದಾಕ ಬಂದ ಮಂದೀನ ಎದ್ದು ಹೋಗ್ರಿ ಅನ್ಲೇನು?” ಗೌಸಿಯಾಬೇಗಂ ಹುಸೇನಪೀರನ ಕಡೆ ತಿರುಗುತ್ತಾರೆ. “ಚೀಲ ಪೀಲ ಏನೂ ಬ್ಯಾಡ. ಎಲ್ಲಾ ಚಾದರದ ಮ್ಯಾಲ ಸುರೀ. ಕೈಗೆ ಬಂದಷ್ಟು ತಗೊಂಡು ಓದ್ಲಿ. ರಾಶಿ ಮುಗೀತಂದ್ರ ಸವಾ ಲಾಖ್ ಮುಗೀತು.”

“ಆಪಾ, ಒಂದು ಮಾತು ಹೇಳೋದದ—”

“ಓದು ಮುಗಿದ ಮ್ಯಾಲ ಹೇಳು. ನಾಕು ಗಂಟಿಗಿ ಫೋನ್ ಅದ.”

ಹುಸೇನಪೀರ ದಾರ ಬಿಚ್ಚುತ್ತಾನೆ. ಒಂದಾದ ಮೇಲೊಂದು ಐವತ್ತೂ ಚೀಲ ಚಾದರದ ಮೇಲೆ ಬೀಳುತ್ತವೆ. ವರ್ಷಗಟ್ಟಲೆ ಬೆರಳು ತಾಗಿ ನುಣುಪಾದ ಬೀಜ, ಜಾರುತ್ತ ಚಾದರದ ಅಂಚಿನವರೆಗೆ ಹರಡಿಕೊಳ್ಳುತ್ತದೆ. ಇಪ್ಪತ್ತೈದು ಬೆಳಗಿನ ಲೆಕ್ಕ ಐದು ನಿಮಿಷದಲ್ಲಿ ರಾಶಿಯಾಗುತ್ತದೆ. ಹಮೀದಾಬೇಗಂ ಗೋಡೆಗೆ ಒರಗಿ ಕೂಡುತ್ತಾರೆ. ಮುಖದಲ್ಲಿ ಏನೂ ಕಾಣುವುದಿಲ್ಲ. ಹೆಬ್ಬೆರಳು ಮಾತ್ರ ಗಣಿಕೆಯಿಂದ ಗಣಿಕೆಗೆ ಓಡುತ್ತಲೇ ಇದೆ.

ಒಂಬತ್ತಕ್ಕೆ ಓದು ಶುರುವಾಗುತ್ತದೆ. ಪೀರಸಾಬರ ಹೆಂಡತಿ ವಜೀರುನ್ನಿಸಾ ಮೂಲೆಯಲ್ಲಿ, ಅತ್ತೆಯ ಪಕ್ಕದಲ್ಲಿ. ವಯಸ್ಸು ಇಪ್ಪತ್ನಾಲ್ಕು ಇರಬಹುದು. ಎಲ್ಲರೂ ಬೀಜವನ್ನು ಹಿಡಿಗಟ್ಟಲೆ ಎಳೆದುಕೊಂಡರೆ ಆಕೆ ಒಂದೊಂದೇ ಎತ್ತಿಕೊಳ್ಳುತ್ತಾಳೆ. ಪಿಸುಮಾತಿನ ಓದು ಕೂಡಿ ಕೂಡಿ, ಬಿಸಿ ಎಣ್ಣೆಯಲ್ಲಿ ಏನೋ ಕರಿಯುತ್ತಿರುವಂಥ ಸದ್ದು. ನಡುವೆ ಯಾರೋ ಕೆಮ್ಮುತ್ತಾರೆ, ಯಾರೋ ನೀರು ಕೇಳುತ್ತಾರೆ. ಹನ್ನೊಂದಕ್ಕೆ ಚಹಾ. ಒಂದಕ್ಕೆ ನಮಾಜು. ರಾಶಿ ಕರಗುತ್ತದೆ, ಹೆಂಗಸರ ಮಡಿಲ ಮುಂದೆ ಹೊಸ ರಾಶಿಗಳು ಏಳುತ್ತವೆ. ಹಮೀದಾಬೇಗಂ ಚಹಾ ಮುಟ್ಟುವುದಿಲ್ಲ.

ನಾನು ಅವರ ಕಿವಿಯ ಹತ್ತಿರ ಬಗ್ಗಿ ಕೇಳುತ್ತೇನೆ, “ಈಗ ಹೇಳಂಗಿಲ್ಲೇನ್ರಿ?”

“ಈಗ ಹೇಳಿದ್ರ ಓದು ಕೆಡತದ. ಆಮ್ಯಾಲ ಹೇಳಿದ್ರ ನಾ ಕೆಡತೀನಿ.” ಸೊಂಟದ ಗಜ್ಜುಗ ಮುಟ್ಟಿ ನೋಡಿಕೊಂಡು, “ಹೇಳದಿದ್ರೂ ನಡೀತದ, ಅಲ್ಲೇನು? ಯಾರಿಗಿ ಗೊತ್ತಾಗ್ತದ.”

ಹಾಗೆಂದು ಅವರು ಮತ್ತೆ ರಾಶಿಯ ಕಡೆ ತಿರುಗುತ್ತಾರೆ.

ಎರಡೂವರೆಗೆ ನಡುವಿನ ರಾಶಿ ಮುಗಿಯುತ್ತದೆ. ಬಿಳಿ ಚಾದರ ಬರಿದಾಗಿದೆ. ಹೆಂಗಸರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಗೌಸಿಯಾಬೇಗಂ ದುವಾಕ್ಕೆ ಕೈ ಎತ್ತಬೇಕು, ಅಷ್ಟರಲ್ಲಿ ಹಮೀದಾಬೇಗಂ ಎದ್ದು ನಿಲ್ಲುತ್ತಾರೆ.

“ದುವಾ ಈಗ ಬ್ಯಾಡ್ರಿ. ಎಣಿಸಬೇಕು.”

ಅವರು ಸೊಂಟದಿಂದ ಗಜ್ಜುಗ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿಯುತ್ತಾರೆ. ಬೆಳಗ್ಗೆ ಬಸ್ಸಿನ ಅವಸರದಲ್ಲಿ ಏನಾಯಿತು, ಇದು ಯಾಕೆ ಉಳಿಯಿತು, ಎಲ್ಲವನ್ನೂ ಹೇಳುತ್ತಾರೆ. “ಐವತ್ತು ಕಮ್ಮಿ ಇದ್ರೂ ಇರಬಹುದು, ಇಲ್ಲದೇನೂ ಇರಬಹುದು. ನನಗ ಗೊತ್ತಿಲ್ಲ. ಗೊತ್ತಿಲ್ಲದೇ ಪೂರಾ ಆಗೇದ ಅಂತ ಹ್ಯಾಂಗ ಹೇಳ್ಲಿ?”

ಗೌಸಿಯಾಬೇಗಂ ಅವರ ಎತ್ತಿದ ಕೈ ಮಡಿಲಿಗೆ ಬೀಳುತ್ತದೆ. “ಮುಂಜಾನಿಂದ ಬಾಯಾಗ ಬೆಲ್ಲ ಇಟ್ಕೊಂಡು ಕುಂತಿದ್ದೇನು?”

“ಹೇಳಾಕ ಬಂದಿದ್ದೆ—”

“ಎಣಿಸಾಕ ಬರಲಾರದಾಕಿ ಕೈಯಾಗ ನನ್ನ ಮಗನ್ನ ಕೊಟ್ಟೇನಲ್ಲಾ ಯಾ ಅಲ್ಲಾ!”

ಹಮೀದಾಬೇಗಂ ತಲೆ ತಗ್ಗಿಸುವುದಿಲ್ಲ. “ಬೈರಿ. ಬೈಸ್ಕೋತೇನಿ. ಆದ್ರ ಎಣಿಸ್ಕೋತ ಬೈರಿ. ಒಂದೂವರೆ ತಾಸು ಅಷ್ಟ ಅದ.”

ಯಾರೋ ಒಬ್ಬರು ಸಣ್ಣಗೆ ನಗುತ್ತಾರೆ. ಆ ನಗುವಿಗೇ ಎಲ್ಲರ ಕೈ ಬೀಜದ ಕಡೆ ಹೋಗುತ್ತದೆ. ಹಮೀದಾಬೇಗಂ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ, ಹದಿಮೂರು ಜೋಡಿ. ಒಬ್ಬರು ಎಣಿಸಿದ ಗುಂಪಿಯನ್ನು ಇನ್ನೊಬ್ಬರು ನೋಡಬೇಕು. ಐದೈದರಂತೆ ಐವತ್ತು, ಐವತ್ತು ಗುಂಪಿಗೆ ಒಂದು ಚೀಲ. ಮಾತಾಡಿದವರು ಮೊದಲಿಂದ ಎಣಿಸಬೇಕು. ಯಾವ ಜೋಡಿಗೂ ಗಜ್ಜುಗವಿಲ್ಲ. ಬಳೆ, ಉಂಗುರ, ಬೀಗದ ಕೈ, ಸಕ್ಕರೆ ಡಬ್ಬಿಯಿಂದ ತಂದ ಲವಂಗ, ಕೈಗೆ ಸಿಕ್ಕಿದ್ದೇ ಗುರುತು.

ಹುಸೇನಪೀರ ಬಾಗಿಲ ಹೊರಗಿನಿಂದ ಗಡಿಯಾರ ಕೂಗುತ್ತಾನೆ. ಎರಡೂ ಮುಕ್ಕಾಲು. ಹನ್ನೆರಡು ಚೀಲ ಕಟ್ಟಿವೆ. ಮೂರು ಗಂಟೆ. ಇಪ್ಪತ್ತೇಳು. ಮೂರೂಕಾಲು. ನಲವತ್ತೊಂದು. ಕಟ್ಟಿದ ಚೀಲಗಳನ್ನು ಹಮೀದಾಬೇಗಂ ಹತ್ತರ ಸಾಲಿನಲ್ಲಿ ಇಡುತ್ತಾರೆ. ಮೂರೂ ಇಪ್ಪತ್ತೈದಕ್ಕೆ ನಲವತ್ತೊಂಬತ್ತು. ಎಲ್ಲ ಜೋಡಿಗಳ ಮುಂದೆ ಉಳಿದ ಬೀಜ ಒಂದೇ ಕಡೆ ಸೇರುತ್ತದೆ. ಹಮೀದಾಬೇಗಂ ಕೂತು ತಾವೇ ಎಳೆಯುತ್ತಾರೆ. ಐದು, ಐದು, ಐದು. ಇಪ್ಪತ್ತಾರು ಹೆಂಗಸರು ಅವರ ಬೆರಳು ನೋಡುತ್ತಿದ್ದಾರೆ.

ನಲವತ್ತೊಂಬತ್ತನೆಯ ಗುಂಪಿ ಸರಿಯಾಗಿ ಐವತ್ತು. ಅದರ ಆಚೆ ಚಾದರ.

ಚಾದರ ಕೊಡವುತ್ತಾರೆ. ಸೆರಗು, ಮಡಿಲು, ಚಾಪೆಯ ಅಡಿ, ಎಲ್ಲ ನೋಡುತ್ತಾರೆ. ಹಮೀದಾಬೇಗಂ ಬೇಡವೆಂದು ಕೈ ಆಡಿಸುತ್ತಾರೆ. “ಚೆಲ್ಲಿದ್ರ ಮೂರೋ ನಾಕೋ ಕಮ್ಮಿ ಬೀಳ್ತಿದ್ದು. ಐವತ್ತಕ್ಕ ಐವತ್ತು ಎಲ್ಲೂ ಚೆಲ್ಲಂಗಿಲ್ಲ. ನಿಮ್ಮ ಯಾರ್ದೂ ತಪ್ಪಿಲ್ಲ. ಇದು ನಂದು.”

ಇನ್ನು ಐವತ್ತು ಸಲ ಓದಿದರೆ ಮುಗಿಯಿತು. ಯಾರು ಓದಬೇಕು? ಒಬ್ಬೊಬ್ಬರು ಎರಡೆರಡು ಓದೋಣ ಎನ್ನುತ್ತಾರೆ ಯಾರೋ. ಇಪ್ಪತ್ತಾರು ಮಂದಿಗೆ ಎರಡೆರಡು ಅಂದರೆ ಐವತ್ತೆರಡು. ಇಬ್ಬರು ಒಂದೊಂದೇ ಓದಬೇಕು. ಯಾರು ಆ ಇಬ್ಬರು? ಒಬ್ಬರೂ ತಮ್ಮದು ಬಿಡಲು ತಯಾರಿಲ್ಲ. ಪಕ್ಕದ ಮನೆಯ ಸೊಸೆ ನಾನೇ ಏಳುತ್ತೇನೆ ಎಂದು ಅಳುಮೋರೆ ಮಾಡುತ್ತಾಳೆ. ಗೌಸಿಯಾಬೇಗಂ ಗದರುತ್ತಾರೆ. ಹೊರಗಿನಿಂದ ಹುಸೇನಪೀರ: “ಹತ್ತು ನಿಮಿಷ ಉಳದದ, ಅಮ್ಮಾ!”

“ಆ ಐವತ್ತೂ ನನಗ ಕೊಡ್ರಿ.”

ವಜೀರುನ್ನಿಸಾ ಮೂಲೆಯಿಂದ ಎದ್ದು ಬಂದಿದ್ದಾಳೆ. ಬೆಳಗಿನಿಂದ ಆಕೆಯ ಧ್ವನಿ ಕೇಳಿದ್ದು ಇದೇ ಮೊದಲು. ಅತ್ತೆ ಸೊಸೆಯ ಮುಖ ನೋಡಿ, ಸರಿದು ಚಾದರದ ಅಂಚಿನಲ್ಲಿ ಜಾಗ ಬಿಡುತ್ತಾರೆ. ಹಮೀದಾಬೇಗಂ ಕಟ್ಟದೆ ಉಳಿದ ಚೀಲದಿಂದ ಐದು ಬೀಜ ಎಳೆದು ಆಕೆಯ ಮಡಿಲಿಗೆ ಹಾಕುತ್ತಾರೆ. ಹತ್ತು. ಹದಿನೈದು. ಐವತ್ತಾದ ಮೇಲೆ ಬೀಜವನ್ನೆಲ್ಲ ಚಾದರಕ್ಕೆ ಇಳಿಸಿ, ಮತ್ತೆ ಮೊದಲಿನಿಂದ, ಈ ಸಲ ಒಂದೊಂದಾಗಿ ಎಣಿಸಿ ಹಾಕುತ್ತಾರೆ.

ವಜೀರುನ್ನಿಸಾ ಅವಸರ ಮಾಡುವುದಿಲ್ಲ. ಒಂದು ಓದು, ಒಂದು ಬೀಜ ಚಾದರದ ಮೇಲೆ. ಒಂದು ಓದು, ಒಂದು ಬೀಜ. ಹುಸೇನಪೀರ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾನೆ, ಗಡಿಯಾರ ಕೂಗುವುದನ್ನು ನಿಲ್ಲಿಸಿದ್ದಾನೆ. ಕೊನೆಯ ಬೀಜ ಕೆಳಗಿಟ್ಟ ಕೂಡಲೇ ಆಕೆ ಹಮೀದಾಬೇಗಂ ಕಡೆ ನೋಡುತ್ತಾಳೆ.

“ಪೂರಾ ಆಯ್ತು,” ಎನ್ನುತ್ತಾರೆ ಅವರು.

ದುವಾ ಮುಗಿದಾಗ ನಾಲ್ಕಕ್ಕೆ ಮೂರು ನಿಮಿಷ. ಹುಸೇನಪೀರ ಓಡಿದ.

ಫೋನ್ ಬಂತು. ಆ ವಾರದ ಪಟ್ಟಿಯಲ್ಲಿ ಪೀರಸಾಬ ಎಂಬ ಹೆಸರಿಲ್ಲ, ಇನ್ನೂ ವಿಮಾನಗಳು ಬರಲಿಕ್ಕಿವೆ, ಮುಂದಿನ ವಾರ ನೋಡಿ ಹೇಳುತ್ತೇನೆ ಎಂದರು ಆ ಸಂಬಂಧಿಕರು. ಗೌಸಿಯಾಬೇಗಂ ಎದ್ದು ಒಳಗೆ ಹೋದರು. ನಾವು ಬೀಜದ ಗೋಣಿಗಳೊಂದಿಗೆ ಸಂಜೆಯ ಬಸ್ಸು ಹತ್ತಿದೆವು. ಆಳಂದದಲ್ಲಿ ಬೀಗ ತೆಗೆದು ಕಂದೀಲು ಹಚ್ಚಿದರೆ, ಗೋಣಿತಟ್ಟಿನ ಅಂಚಿನಲ್ಲಿ, ಬೆಳಗ್ಗೆ ಅಂಬಾರಾಯ ಕಾಲಿಟ್ಟು ನಿಂತಿದ್ದ ಜಾಗದ ಪಕ್ಕ, ಐವತ್ತು ಬೀಜದ ಗುಂಪಿ ಹಾಗೇ ಕೂತಿತ್ತು. ಹಮೀದಾಬೇಗಂ ಅಂಬಾರಾಯರಿಗೆ ಇದನ್ನು ಹೇಳಿಲ್ಲ. “ಹೇಳಿದ್ರ ಅಂವ ವರ್ಷ ಪೂರ್ತಿ ಅಳಕೋತ ತಿರಗತಾನ. ಚೀಲ ಹಿಡಿದಿದ್ದು ಅಂವ. ಎಣಿಸಿದ್ದು ನಾ.”

ಎಂಟು ದಿನದ ಮೇಲೆ ಹುಸೇನಪೀರ ಆಳಂದಕ್ಕೆ ಬಂದಿದ್ದಾನೆ. ಎರಡನೆಯ ವಾರದ ಪಟ್ಟಿಯಲ್ಲೂ ಅಣ್ಣನ ಹೆಸರಿಲ್ಲ. ಮನೆಯಲ್ಲಿ ಇನ್ನೊಮ್ಮೆ ಸವಾ ಲಕ್ಷ ಓದಿಸಬೇಕೆಂದಿದ್ದಾರೆ. ಹಮೀದಾಬೇಗಂ ಅವನಿಗೆ ನೀರು ಕೊಟ್ಟು ಎದುರಿಗೆ ಕೂಡುತ್ತಾರೆ.

“ನನ್ನ ಬೀಜಾನಾ?” ಎನ್ನುತ್ತಾರೆ.

“ನಾನೂ ಹಂಗೇ ಅಂದೆ, ಗುಲಬರ್ಗಾದಾಗೂ ಸಿಗ್ತಾವಲ್ಲ ಅಂತ. ಅಮ್ಮಾ ಬೈದ್ಲು. ಕಮ್ಮಿ ಬಿದ್ದಿದ್ದು ಕಮ್ಮಿ ಬಿದ್ದದಂತ ಎದುರಾ ನಿಂತು ಹೇಳಿದಾಕಿ ಕೈಯಿಂದಾನೇ ಬೇಕಂತ. ನಾಳಿಗಿ ಒಯ್ಯಾಕ ಬಂದೀನ್ರಿ.”

ಹಮೀದಾಬೇಗಂ ಖಾಲಿ ತಂಬಿಗೆ ತೆಗೆದಿಡಲು ಎದ್ದು ಒಳಗೆ ಹೋಗುತ್ತಾರೆ. ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

“ನಾಳಿಗಿ ಆಗಂಗಿಲ್ಲ. ಹದಿನಾರು ಚೀಲ ಆಗ್ಯಾವ, ಮೂವತ್ನಾಕು ಎಣಿಸೋದದ.”

“ನಮ್ಮ ಮನ್ಯಾಗ ಇಪ್ಪತ್ತಾರು ಮಂದಿ ಎಣಿಸ್ಯಾರಲ್ರಿ! ನಿಮ್ಮ ಎದುರಾನೇ!”

“ಎಣಿಸ್ಯಾರ. ನಾ ಎಣಿಸಿಲ್ಲ.”

“ಅಮ್ಮಾಗ ತಡ್ಯಾಕ ಆಗಂಗಿಲ್ರಿ ಖಾಲಾ.”

ಅವರು ಗೋಣಿತಟ್ಟು ಹಾಸುತ್ತಾರೆ. ಹಾಡಹಗಲು, ಅಡತಿ ಅಂಗಡಿಗೆ ಹೋಗುವ ಹೊತ್ತು. ಹೆಸರುಕಾಳಿನ ಕೆಲಸ ಇನ್ನು ಎರಡು ದಿನ ಅವರಿಲ್ಲದೆ ನಡೆಯಬೇಕು. ಒಂದು ಚೀಲದ ದಾರ ಬಿಚ್ಚಿ ಸುರುವಿಕೊಂಡು ಮೊದಲ ಐದು ಬೀಜ ಎಳೆಯುತ್ತಾರೆ.

“ಸೋಮವಾರ ಮುಂಜಾನಿ ಗಾಡಿ ತಗೊಂಡು ಬಾ. ನಿಮ್ಮಮ್ಮ ಈ ಸಲ ನನ್ನ ಮುಖ ನೋಡಿ ಕೇಳ್ತಾಳ, ಪೂರಾ ಅದಾವೇನು ಅಂತ. ಹೌದು ಅಂತ ನಾ ಹೇಳಬೇಕಲ್ಲ ಬೇಟಾ. ಎಣಿಸದೇ ಹೇಳಾಕ ನನಗ ಬರಂಗಿಲ್ಲ.”